ಮನೆಯಲ್ಲಿದ್ದರೂ ನೀವು ಕೆಲಸದಲ್ಲಿದ್ದೀರಿ

ಪ್ರಶ್ನೆ:

ನನಗೆ 31 ವರ್ಷ. ತವರು ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದ ಹತ್ತಿರ. ಕೊಟ್ಟ ಮನೆ ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯ ಹಳ್ಳಿ. ಇಂಗ್ಲಿಷ್‌ನಲ್ಲಿ ಎಂ.ಎ., ಜೊತೆಗೆ ಬಿ.ಎಡ್. ಮಾಡಿದ್ದೇನೆ. ಮಗ ಇನ್ನೂ ಚಿಕ್ಕವನು. ಹಾಗಾಗಿ ಎರಡು ವರ್ಷದಿಂದ ಮನೆಯಿಂದಲೇ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಒಂದು ಆ್ಯಪ್ ಮೂಲಕ ಬೆಂಗಳೂರು, ದುಬೈನ ಮಕ್ಕಳಿಗೆ. ಪರಿಚಯದವರ ಮೂಲಕ ಬಂದ ಕೆಲವು ಗೃಹಿಣಿಯರಿಗೆ.

ಕಲಿಸುವಾಗ ಖುಷಿಯಾಗುತ್ತದೆ. ಹಾವೇರಿ ಕಡೆಯ ಒಬ್ಬ ಅಕ್ಕ ಮಗಳ ಶಾಲೆಯಲ್ಲಿ ಟೀಚರ್ ಜೊತೆ ಮೊದಲ ಸಲ ಇಂಗ್ಲಿಷ್‌ನಲ್ಲಿ ನಾಲ್ಕು ಮಾತಾಡಿ ಬಂದು, ನನಗೆ ಫೋನ್ ಮಾಡಿ ಅತ್ತುಬಿಟ್ಟರು. ಆದರೆ ಅಂಥ ದಿನ ಕಡಿಮೆ. ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ. ಕ್ಲಾಸ್ ತಪ್ಪಿದರೆ ಆ್ಯಪ್‌ನಲ್ಲಿ ನನ್ನ ರೇಟಿಂಗ್ ಇಳಿಯುತ್ತದೆ. ಮಕ್ಕಳು ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಕೂರುತ್ತಾರೆ. ಒಬ್ಬ ತಾಯಿ ‘ನಿಮ್ಮ ಇಂಗ್ಲಿಷ್‌ನಲ್ಲಿ ಹಳ್ಳಿ ರಾಗ ಇದೆ’ ಎಂದು ಮಗಳನ್ನು ಬಿಡಿಸಿದರು. ಇತ್ತ ಅತ್ತೆಗೆ ನಾನು ‘ಮನೇಲೇ ಇರೋಳು’. ಕ್ಲಾಸ್ ನಡುವೆಯೇ ಹಾಲು ಕಾಯಿಸು, ಬಂದವರಿಗೆ ಟೀ ಮಾಡು ಎಂದು ಕರೆಯುತ್ತಾರೆ. ನಮ್ಮನೆಯವರು ಒಳ್ಳೆಯವರೇ, ಆದರೆ ಏನೂ ಮಾತಾಡುವುದಿಲ್ಲ. ಇತ್ತೀಚೆಗೆ ಕ್ಲಾಸ್ ಶುರುವಾಗುವ ಮೊದಲೇ ಎದೆ ಡವಗುಟ್ಟುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಬಿಟ್ಟುಬಿಡಲೇ? ಬಿಟ್ಟರೆ ಓದಿದ್ದೆಲ್ಲ ದಂಡವಾಯಿತು ಅನ್ನಿಸುತ್ತದೆ.

— ಹೆಸರು ಬೇಡ, ಸೊರಬ ತಾಲ್ಲೂಕು

ಉತ್ತರ:

ಪ್ರಿಯ ಸೋದರಿ,

ನಿಮ್ಮ ಪತ್ರದಲ್ಲಿ ಖುಷಿಯೂ ಇದೆ, ದಣಿವೂ ಇದೆ. ಎರಡೂ ನಿಜ. ಇಷ್ಟಪಟ್ಟು ಮಾಡುವ ಕೆಲಸವೇ ಸುಸ್ತು ಮಾಡಿದಾಗ ‘ನನ್ನಲ್ಲೇ ಏನೋ ಕೊರತೆ ಇರಬೇಕು’ ಎಂಬ ಅಳುಕು ಹುಟ್ಟುತ್ತದೆ. ದಯವಿಟ್ಟು ಆ ಅಳುಕನ್ನು ನಂಬಬೇಡಿ. ಒಬ್ಬ ತಾಯಿಯ ಬಾಯಿಂದ ಮೊದಲ ಇಂಗ್ಲಿಷ್ ವಾಕ್ಯ ಹೊರಡುವಂತೆ ಮಾಡಿದವರು ನೀವು. ಆಕೆ ಅತ್ತದ್ದು ವ್ಯಾಕರಣ ಬಂತೆಂದಲ್ಲ. ಶಾಲೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಲಿಲ್ಲ ಎಂಬ ಸಮಾಧಾನಕ್ಕೆ ಅತ್ತರು. ಅದು ಸಣ್ಣ ಸಂಗತಿಯಲ್ಲ.

ಆನ್‌ಲೈನ್ ಪಾಠದ ದಣಿವೇ ಬೇರೆ. ತರಗತಿಯಲ್ಲಿ ಮಕ್ಕಳ ಮುಖ ನೋಡಿದರೆ ಅರ್ಥವಾಯಿತೋ ಇಲ್ಲವೋ ತಿಳಿಯುತ್ತದೆ. ಒಂದು ನಗು ಸಾಕು, ಅರ್ಧ ಆಯಾಸ ಇಳಿದುಹೋಗುತ್ತದೆ. ಪರದೆಯ ಮೇಲೆ ಹೆಸರು ಬರೆದ ಕಪ್ಪು ಚೌಕವೊಂದೇ ಇದ್ದಾಗ ಆ ಮೌನವನ್ನೆಲ್ಲ ಟೀಚರ್ ತನ್ನ ದನಿಯಿಂದಲೇ ತುಂಬಬೇಕು. ಜೊತೆಗೆ ಒಂದು ಕಿವಿ ಅಡುಗೆಮನೆಯ ಕಡೆಗೆ, ಒಂದು ಕಣ್ಣು ಮಗನ ಮೇಲೆ, ಮನಸ್ಸು ಕರೆಂಟಿನ ಮೇಲೆ. ಇಷ್ಟನ್ನು ಎರಡು ವರ್ಷ ನಿಭಾಯಿಸಿದವರ ಎದೆ ಡವಗುಟ್ಟಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದು ಇದು: ನಿಮ್ಮನ್ನು ದಣಿಸಿರುವುದು ಪಾಠವಲ್ಲ. ನೀವು ಮಾಡುತ್ತಿರುವುದು ಕೆಲಸವೇ ಹೌದು ಎಂದು ಅತ್ತೆಗೆ, ಆ್ಯಪಿಗೆ, ಯಾರೋ ಪೋಷಕರಿಗೆ ದಿನವೂ ಸಾಬೀತುಪಡಿಸಬೇಕಾಗಿ ಬಂದಿರುವುದು. ನಾಟಿಯ ಗದ್ದೆಯಲ್ಲಿ ಸಾಲು ಹಿಡಿದವರನ್ನು ಅರ್ಧಕ್ಕೆ ಕೂಗಿ ಟೀ ಮಾಡು ಎಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಆ ಕೆಲಸ ಎಲ್ಲರ ಕಣ್ಣಿಗೂ ಕಾಣುತ್ತದೆ. ನಿಮ್ಮ ಕೆಲಸ ಕಾಣುವುದಿಲ್ಲ. ಹಾಗಾಗಿ ಈಗ ಆಗಬೇಕಾದದ್ದು ಕೆಲಸ ಬಿಡುವುದಲ್ಲ, ಕೆಲಸವನ್ನು ಮನೆಯವರಿಗೆ ಕಾಣಿಸುವುದು.

ಅತ್ತೆಯ ಮಾತಿನಲ್ಲಿ ಕೆಟ್ಟ ಉದ್ದೇಶವಿದೆ ಎಂದು ನನಗನ್ನಿಸುವುದಿಲ್ಲ. ಅವರು ಕಂಡಂತೆ ಕೆಲಸವೆಂದರೆ ಗದ್ದೆ, ತೋಟ, ಕೊಟ್ಟಿಗೆ. ಇಲ್ಲವೇ ಬ್ಯಾಗ್ ಹಿಡಿದು ಬಸ್ ಹತ್ತುವುದು. ಕೋಣೆಯಲ್ಲಿ ಕೂತು ಫೋನಿನ ಮುಂದೆ ಮಾತನಾಡುವುದು ಅವರ ಕಣ್ಣಿಗೆ ಹರಟೆಯಂತೆಯೇ ಕಂಡೀತು. ಅವರಿಗೆ ಅರ್ಥವಾಗುವ ಇನ್ನೊಂದು ಮಾತಿದೆ. ನಮ್ಮ ಹಿರಿಯರ ಕಾಲದ ಕೂಲಿಮಠಗಳು ನಡೆದದ್ದು ಐಗಳ ಮನೆಯ ಜಗಲಿಯಲ್ಲಿ, ಗುಡಿಯ ಪಡಸಾಲೆಯಲ್ಲಿ. ನಿಮ್ಮ ತವರಿನ ಹತ್ತಿರದ ಬಳ್ಳಿಗಾವೆಯನ್ನೇ ತೆಗೆದುಕೊಳ್ಳಿ. ಅಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣಗಳ ಪಾಠವೂ ಹಸಿದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಒಟ್ಟಿಗೇ ನಡೆಯುತ್ತಿದ್ದುದನ್ನು 1162ರ ಶಾಸನ ಹೇಳುತ್ತದೆ. ಜನ ವಾಸವಿದ್ದಲ್ಲೇ, ಅನ್ನ ಬೇಯುವಲ್ಲೇ ಪಾಠ ನಡೆಯುವುದು ಈ ಸೀಮೆಗೆ ಹೊಸದೇನಲ್ಲ.

ಇನ್ನು ‘ಹಳ್ಳಿ ರಾಗ’ದ ಮಾತು. ಅದು ನೋಯಿಸಿದೆ, ನೋಯಿಸುವಂಥದ್ದೇ. ಆದರೆ ಇಂದು ಜಗತ್ತಿನಲ್ಲಿ ಇಂಗ್ಲಿಷ್ ಆಡುವವರಲ್ಲಿ ಅದನ್ನು ತಾಯ್ನುಡಿಯಾಗಿ ಪಡೆದವರಿಗಿಂತ ನಿಮ್ಮಂತೆ, ನನ್ನಂತೆ ಕಲಿತುಕೊಂಡವರೇ ಹೆಚ್ಚು. ಕೇಳುವವರಿಗೆ ಸ್ಪಷ್ಟವಾಗಿ ತಿಳಿಯಬೇಕು, ಅಷ್ಟು ಮುಖ್ಯ. ಇದೇ ಜಿಲ್ಲೆಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ, ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶ್ ಇಬ್ಬರೂ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಹಳ್ಳಿಯಿಂದ ಬಂದದ್ದು ಅವರ ಪಾಠಕ್ಕೆ ಅಡ್ಡಿಯಾಗಲಿಲ್ಲ.

ನಿಮಗೊಂದು ಅನುಕೂಲವೂ ಇದೆ. ಕನ್ನಡದ ಮಗು ಇಂಗ್ಲಿಷ್‌ನಲ್ಲಿ ಎಲ್ಲಿ ಎಡವುತ್ತದೆ ಎಂಬುದು ನಿಮಗೆ ಒಳಗಿನಿಂದ ಗೊತ್ತು. ನಮ್ಮ ನುಡಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷ್‌ನಲ್ಲಿ ನಡುವೆ ಬರುತ್ತದೆ. ‘ಎ’, ‘ಆ್ಯನ್’, ‘ದಿ’ಗಳಂಥವು ಕನ್ನಡದಲ್ಲಿ ಇಲ್ಲದ್ದರಿಂದ ನಮ್ಮವರು ಅವನ್ನು ನುಂಗಿಬಿಡುತ್ತಾರೆ. ‘ಬಸ್’ ಎಂಬುದು ‘ಬಸ್ಸು’ ಆಗುತ್ತದೆ, ‘ವಿ’ ಮತ್ತು ‘ಡಬ್ಲ್ಯು’ ಒಂದೇ ದನಿಯಾಗುತ್ತವೆ. ಇಂಗ್ಲಿಷ್ ಮನೆಮಾತಾಗಿರುವವರಿಗೆ ಇದು ತಪ್ಪಾಗಿ ಕಂಡೀತು. ನಿಮಗೆ ತಪ್ಪಿನ ಕಾರಣ ಗೊತ್ತು, ಆ ದಾರಿಯಲ್ಲಿ ನೀವೇ ನಡೆದು ಬಂದಿದ್ದೀರಿ.

ಹಾಗೆಂದು ಟೀಕೆಯಲ್ಲಿ ತಿದ್ದಿಕೊಳ್ಳುವಂಥದ್ದು ಏನೂ ಇರಲಾರದು ಎಂದು ನಾನು ಹೇಳುವುದಿಲ್ಲ. ಒಂದು ಪಾಠವನ್ನು, ಎದುರಿಗಿರುವವರ ಒಪ್ಪಿಗೆ ಪಡೆದು, ಹತ್ತು ನಿಮಿಷ ರೆಕಾರ್ಡ್ ಮಾಡಿ ಸಮಾಧಾನವಾಗಿ ಕೇಳಿ. ತಿದ್ದಬೇಕಾದ ಉಚ್ಚಾರಣೆ ಸಿಕ್ಕರೆ ತಿದ್ದಿಕೊಳ್ಳಿ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇಂಗ್ಲಿಷ್ ಶಿಕ್ಷಕರನ್ನು ತರಬೇತುಗೊಳಿಸುತ್ತಿದೆ. ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಮನೆಯಲ್ಲೇ ಕೂತು ಉಚಿತವಾಗಿ ಕಲಿಯಬಹುದಾದ ಕೋರ್ಸ್‌ಗಳಿವೆ. ಕಲಿಯುವುದು ನಿಮ್ಮ ಇಷ್ಟಕ್ಕಾಗಿ ಇರಲಿ, ಆ ತಾಯಿಗೆ ಉತ್ತರ ಕೊಡುವುದಕ್ಕಾಗಿ ಬೇಡ.

ಈಗ ಕೆಲವು ಹೆಜ್ಜೆಗಳು. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ, ವಾರಕ್ಕೊಂದರಂತೆ ಸಾಕು.

ಮೊದಲನೆಯದು, ವೇಳೆ. ನಿಮ್ಮ ಕ್ಲಾಸಿನ ಹೊತ್ತನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆಯಿರಿ. ಬರೆಯುವ ಮೊದಲು ಯಜಮಾನರ ಜೊತೆ ಕೂತು ಮಾತಾಡಿ. ಅವರ ಮೌನಕ್ಕೆ ಒಪ್ಪಿಗೆಯೂ ಕಾರಣವಿರಬಹುದು, ಏನು ಮಾಡಬೇಕೆಂದು ತಿಳಿಯದಿರುವುದೂ ಇರಬಹುದು. ‘ನೀವು ಅರ್ಥ ಮಾಡಿಕೊಳ್ಳಿ’ ಎಂದರೆ ಅವರಿಗೆ ದಾರಿ ತೋರುವುದಿಲ್ಲ. ‘ಸಂಜೆ ಐದರಿಂದ ಏಳರವರೆಗೆ ಮಗು ನಿಮ್ಮದು’ ಎಂದರೆ ತೋರುತ್ತದೆ. ಅತ್ತೆಗೂ ಸಿಟ್ಟಿಲ್ಲದ ಹೊತ್ತು ನೋಡಿ ಹೇಳಿ: ‘ಅತ್ತೆ, ಐದರಿಂದ ಏಳರ ತನಕ ನಂಗೆ ಕ್ಲಾಸ್ ಇರುತ್ತೆ. ಅಷ್ಟೊತ್ತು ನನ್ನ ಕರೀಬೇಡಿ. ಏಳಕ್ಕೆ ನಾನೇ ಬರ್ತೀನಿ.’ ಏಳಕ್ಕೆ ಸರಿಯಾಗಿ ಹೋಗಿ. ನೀವು ಮಾತಿನಂತೆ ನಡೆದರೆ ಅವರಿಗೂ ನಿಮ್ಮ ವೇಳೆಯ ಮೇಲೆ ನಂಬಿಕೆ ಹುಟ್ಟುತ್ತದೆ. ಮೊದಮೊದಲು ಮರೆತು ಕರೆದಾರು. ಬೇಸರಿಸದೆ ಮತ್ತೆ ಅದನ್ನೇ ಹೇಳಿ. ಹಾವೇರಿಯ ಅಕ್ಕ ಒಪ್ಪಿದರೆ ಅವರ ಪಾಠವೊಂದಕ್ಕೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರೋ ದೂರದವರು ತಮ್ಮ ಸೊಸೆಯನ್ನು ‘ಮೇಡಂ’ ಎಂದು ಕರೆಯುವುದನ್ನು ಅವರೂ ಕೇಳಲಿ.

ಎರಡನೆಯದು, ಲೆಕ್ಕ. ಒಂದು ನೋಟ್‌ಬುಕ್‌ನಲ್ಲಿ ಪಾಠದ ಗಂಟೆ, ತಯಾರಿಯ ಗಂಟೆ, ಬಂದ ಹಣ ಮೂರನ್ನೂ ಬರೆದಿಡಿ. ತಿಂಗಳ ಕೊನೆಗೆ ಗಂಟೆಗೆ ನಿಜವಾಗಿ ಎಷ್ಟು ಬಿತ್ತು ಎಂಬುದು ತಿಳಿಯುತ್ತದೆ. ಒಂದೇ ಆ್ಯಪ್ ನೆಚ್ಚಿಕೊಳ್ಳಬೇಡಿ. 2021ರ ಜುಲೈನಲ್ಲಿ ಚೀನಾ ಸರ್ಕಾರ ಖಾಸಗಿ ಟ್ಯೂಷನ್ ಮೇಲೆ ಕಟ್ಟುನಿಟ್ಟಿನ ನಿಯಮ ತಂದಾಗ, ಅಲ್ಲಿನ ಮಕ್ಕಳಿಗೆ ಬೇರೆ ದೇಶಗಳಿಂದ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಾವಿರಾರು ಜನ ಏಕಾಏಕಿ ಕೆಲಸ ಕಳೆದುಕೊಂಡರು. ಅವರ ಪಾಠದಲ್ಲಿ ದೋಷವಿರಲಿಲ್ಲ. ರೇಟಿಂಗೂ ಹಾಗೆಯೇ. ಕರೆಂಟ್ ಹೋಗಿ ಇಳಿದ ಅಂಕ ನಿಮ್ಮ ಯೋಗ್ಯತೆಯನ್ನು ಅಳೆಯುವುದಿಲ್ಲ. ಅದನ್ನು ವಾರಕ್ಕೊಮ್ಮೆ ಮಾತ್ರ ನೋಡಿ, ಮಲಗುವ ಮುನ್ನ ಖಂಡಿತ ನೋಡಬೇಡಿ.

ನಿಮ್ಮ ಸ್ವಂತ ವಿದ್ಯಾರ್ಥಿಗಳನ್ನು ನಿಧಾನವಾಗಿ ಹೆಚ್ಚಿಸಿಕೊಳ್ಳಿ. 2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಮಗುವಿನ ಪುಸ್ತಕ ತೆರೆದು ಏನು ಹೇಳಿಕೊಡಬೇಕೆಂದು ತಿಳಿಯದೆ ಕೂರುವ ತಾಯಂದಿರು ಶಿಕಾರಿಪುರ, ಸೊರಬದಲ್ಲೂ ಇದ್ದಾರೆ. ಅವರಿಗೆ ಕನ್ನಡದಲ್ಲಿ ವಿವರಿಸಿ ಇಂಗ್ಲಿಷ್ ಕಲಿಸುವವರು ಬೇಕು. ಶುಲ್ಕ ಮುಂಗಡವಾಗಿ ಇರಲಿ, ತಪ್ಪಿದ ಕ್ಲಾಸ್‌ಗೆ ಏನು ಎಂಬ ನಿಯಮವನ್ನು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ತಿಳಿಸಿ. ಕಲಿಸುವ ಕೆಲಸ ಕೊಡುತ್ತೇವೆಂದು ನಿಮ್ಮಿಂದಲೇ ನೋಂದಣಿ ಹಣ ಕೇಳುವವರಿಂದ ದೂರವಿರಿ; ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೂರನೆಯದು, ಮಳೆಗಾಲ. ಮಲೆನಾಡಿನ ಅಂಚಿನಲ್ಲಿ ಮರ ಬಿದ್ದು ತಂತಿ ಹರಿಯುವುದು ಪ್ರತಿವರ್ಷದ ಕಥೆ, ಅದಕ್ಕೆ ನೀವು ಹೊಣೆಯಲ್ಲ. ಎರಡು ಬೇರೆ ಕಂಪನಿಗಳ ಸಿಮ್, ತುಂಬಿಟ್ಟ ಪವರ್ ಬ್ಯಾಂಕ್, ಮೊದಲೇ ಕಳಿಸಿದ ಒಂದು ಪುಟದ ಅಭ್ಯಾಸ ಸಿದ್ಧವಿರಲಿ. ವಿಡಿಯೊ ನಿಂತರೆ ಮಾಮೂಲಿ ಫೋನ್ ಕರೆಯಲ್ಲೇ ಪಾಠ ಮುಂದುವರಿಸಿ. ಮಾತಾಡಲು ಕಲಿಯುವವರಿಗೆ ಅದೂ ಒಳ್ಳೆಯ ಅಭ್ಯಾಸವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಲಾಸ್‌ಗಳನ್ನು ಸ್ವಲ್ಪ ಕಡಿಮೆ ಒಪ್ಪಿಕೊಂಡರೆ ಮನಸ್ಸಿಗೂ ನೆಮ್ಮದಿ.

ಕ್ಯಾಮೆರಾ ಆಫ್ ಮಾಡುವ ಮಕ್ಕಳನ್ನು ಗದರಬೇಡಿ. ಕೆಲವರಿಗೆ ಮನೆ ತೋರಿಸಲು ಸಂಕೋಚ, ಕೆಲವರಿಗೆ ಡೇಟಾ ಸಾಲದು. ಮೊದಲ ಎರಡು ನಿಮಿಷ ಮಾತ್ರ ಮುಖ ನೋಡೋಣ ಎನ್ನಿ, ಆಮೇಲೆ ಪ್ರತಿ ಐದು ನಿಮಿಷಕ್ಕೊಮ್ಮೆ ಅವರಿಂದ ಒಂದು ಮಾತು ಆಡಿಸಿ. ನಿಮ್ಮ ಪರದೆಯಲ್ಲಿ ನಿಮ್ಮದೇ ಮುಖ ಕಾಣದಂತೆ ಮಾಡಿಕೊಳ್ಳಿ, ದಣಿವು ಇಳಿಯುತ್ತದೆ. ಮೈಕ್ ಇರುವ ಹೆಡ್‌ಸೆಟ್ ಬಳಸಿ, ದನಿ ಎತ್ತುವ ಅಗತ್ಯವಿರುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ನಿದ್ದೆ ಬಾರದಿರುವುದನ್ನೂ ಎದೆ ಡವಗುಟ್ಟುವುದನ್ನೂ ಕಡೆಗಣಿಸಬೇಡಿ. ರಕ್ತಹೀನತೆ, ಥೈರಾಯ್ಡ್ ಏರುಪೇರು ಇದ್ದರೂ ಹಾಗಾಗುತ್ತದೆ. ಸೊರಬದ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬಂದು ನೋಡುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಎನ್ನದೆ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ವೈದ್ಯರ ಹತ್ತಿರ ಹೋದರೆ ಜನ ಏನೆಂದಾರು ಎಂಬ ಅಂಜಿಕೆ ಬೇಡ. ಬದುಕೇ ಬೇಡ ಎಂಬ ಯೋಚನೆ ಎಂದಾದರೂ ಸುಳಿದರೆ ಒಂದು ದಿನವೂ ಕಾಯಬೇಡಿ, ಅಂದೇ ಕರೆ ಮಾಡಿ, ಮನೆಯವರಿಗೂ ಹೇಳಿ.

ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ನಿದ್ದೆಗೆಟ್ಟ ಮನಸ್ಸಿನಲ್ಲಿ ಇಷ್ಟು ದೊಡ್ಡ ತೀರ್ಮಾನ ಬೇಡ. ಮೊದಲು ಆರೋಗ್ಯ ನೋಡಿಕೊಳ್ಳಿ, ಮೂರು ತಿಂಗಳು ಈ ಹೆಜ್ಜೆಗಳನ್ನು ಪ್ರಯತ್ನಿಸಿ, ಆಮೇಲೆ ಆ ನೋಟ್‌ಬುಕ್ ಮುಂದಿಟ್ಟುಕೊಂಡು ಯೋಚಿಸಿ. ಮುಂದುವರಿಸಿದರೂ ಸರಿ, ಕಡಿಮೆ ಮಾಡಿಕೊಂಡರೂ ಸರಿ, ಮಗ ಶಾಲೆಗೆ ಸೇರಿದ ಮೇಲೆ ನೀವೂ ಒಂದು ಶಾಲೆಗೆ ಸೇರಿ ಕಲಿಸಿದರೂ ಸರಿ. ಯಾವುದನ್ನು ಆರಿಸಿಕೊಂಡರೂ ನಿಮ್ಮ ಓದು ದಂಡವಾಗುವುದಿಲ್ಲ. ಹಾವೇರಿಯಲ್ಲಿ ಅದು ಆಗಲೇ ಒಂದು ಮನೆಗೆ ತಲುಪಿದೆ.

ಇದನ್ನು ಓದುತ್ತಿರುವ ಮನೆಯವರಲ್ಲೂ ಒಂದು ವಿನಂತಿ. ನಿಮ್ಮ ಮನೆಯ ಸೊಸೆಯೋ ಮಗಳೋ ಫೋನಿನ ಮುಂದೆ ಕೂತು ಪಾಠ ಹೇಳುತ್ತಿದ್ದರೆ ಆ ಹೊತ್ತಿನಲ್ಲಿ ಕರೆಯಬೇಡಿ, ಮಗುವನ್ನು ನೀವೇ ಎತ್ತಿಕೊಳ್ಳಿ. ಪಾಠ ಮುಗಿದ ಮೇಲೆ ‘ಇವತ್ತು ಕ್ಲಾಸ್ ಹೇಗಾಯ್ತು?’ ಎಂದು ಕೇಳಿ. ಅವರಿಗೆ ಇನ್ನಷ್ಟು ದಿನ ಕಲಿಸುವ ಬಲ ನಿಮ್ಮಿಂದಲೇ ಸಿಗಬೇಕು.