ಗೂಗಲ್ ಕೇಳಿದರೆ ರೌಟರ್ ಬಂತೆ? ಪಿನ್ನು ಕೆಳಗಿಡಿ

ಕಟ್ಟಡದ ಎಲ್ಲ ನಿವಾಸಿಗಳಿಗೆ ಸೂಚನೆ: ಯಾವ ವಿಳಾಸ ಹೊಡೆದರೂ ಬ್ರೌಸರ್ ತಿರುತಿರುಗಿ ಮನೆಯ ರೌಟರಿನ ಪುಟಕ್ಕೇ ತಂದು ನಿಲ್ಲಿಸುತ್ತಿದ್ದರೆ ಇದನ್ನು ಓದಿ. ಪೂರ್ತಿ ಓದಿದ ಮೇಲಷ್ಟೇ ಡಬ್ಬಿಗೆ ಕೈ ಹಾಕಿ. ನೆಟ್ ಕೆಟ್ಟಾಗ ನನ್ನ ಮನೆಯ ಬೆಲ್ ಒತ್ತುವುದು ಇಲ್ಲಿ ರೂಢಿಯಾಗಿದೆ. ಹೋಗಿ ನೋಡಿದರೆ ತಾನಾಗಿ ಕೆಟ್ಟದ್ದಕ್ಕಿಂತ ನಮ್ಮ ರಿಪೇರಿಯಿಂದ ಕೆಟ್ಟದ್ದೇ ಹೆಚ್ಚು.

ಹೆಚ್ಚಿನ ಸಲ ಇದು ವೈರಸ್ಸೂ ಅಲ್ಲ, ಹ್ಯಾಕೂ ಅಲ್ಲ. ನೀವು ಒಂದು ತಾಣದ ಹೆಸರು ಹೊಡೆದಾಗ, ಆ ಹೆಸರಿನ ಅಂಕಿ ವಿಳಾಸ ಯಾವುದು ಎಂದು ಬ್ರೌಸರ್ ಸಾಮಾನ್ಯವಾಗಿ ಕೇಳುವುದು ಮನೆಯ ರೌಟರನ್ನೇ. ಈ ವಿಚಾರಣೆಯ ಏರ್ಪಾಡಿನ ಹೆಸರು ಡಿಎನ್‌ಎಸ್. ಲೈನ್ ಸರಿಯಿದ್ದರೆ ರೌಟರ್ ಹೊರಗೆ ವಿಚಾರಿಸಿ ಹೇಳುತ್ತದೆ. ಲೈನ್ ಸತ್ತಿದ್ದರೆ ಕೆಲವು ರೌಟರುಗಳು ಗೊತ್ತಿಲ್ಲ ಎನ್ನುವ ಬದಲು ತಮ್ಮದೇ ವಿಳಾಸ ಕೊಟ್ಟುಬಿಡುತ್ತವೆ, ಊರಲ್ಲಿ ಯಾರ ಮನೆ ಕೇಳಿದರೂ ತನ್ನ ಜಗಲಿಗೇ ಕರೆದು ಕೂರಿಸುವ ಯಜಮಾನರ ಹಾಗೆ. ಉದ್ದೇಶ ಒಳ್ಳೆಯದೇ: ಹೊರಗಿನ ದಾರಿ ಕಟ್ಟಿದೆ ಎಂದು ತನ್ನ ಪುಟದಲ್ಲಿ ಬರೆದು ತೋರಿಸುವುದು. ನಾವು ಆ ಪುಟವನ್ನು ಓದುವುದಿಲ್ಲ. ಗಾಬರಿಯಾಗಿ, ರೌಟರಿನ ರೀಸೆಟ್ ತೂತಿಗೆ ಚುಚ್ಚಲು ಪಿನ್ನು ಹುಡುಕುತ್ತೇವೆ.

ಮಾಡಬೇಕಾದ್ದು, ಇದೇ ಕ್ರಮದಲ್ಲಿ

ಮೊದಲು ದೀಪ ನೋಡಿ. ಫೈಬರ್ ಡಬ್ಬಿಯಲ್ಲಿ ಪಿಒಎನ್ ಎಂದು ಬರೆದಿರುವ ದೀಪ ಅಲುಗದೆ ಉರಿಯುತ್ತಿರಬೇಕು. ಎಲ್‌ಒಎಸ್ ಎಂಬ ದೀಪ ಆರಿರಬೇಕು. ಎಲ್‌ಒಎಸ್ ಕೆಂಪಗೆ ಮಿಣುಕುತ್ತಿದ್ದರೆ ಬೆಳಕು ನಿಮ್ಮ ಮನೆಗೆ ಬರುತ್ತಲೇ ಇಲ್ಲ ಎಂದರ್ಥ. ರಸ್ತೆ ಅಗೆದವರು ಕಡಿದಿರಬಹುದು, ಇಲಿ ಕಡಿದಿರಬಹುದು, ಬೀರು ಸರಿಸುವಾಗ ಎಳೆ ನಜ್ಜಾಗಿರಬಹುದು. ಬ್ರೌಸರಿನಲ್ಲಿ ಏನು ಬದಲಾಯಿಸಿದರೂ ಇದು ಸರಿಹೋಗದು. ಕಂಪನಿಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಕಾಫಿ ಕುಡಿಯಿರಿ.

ದೀಪ ಸರಿಯಿದೆಯೆ? ಹಾಗಾದರೆ ಮನೆಯ ಇನ್ನೊಂದು ಫೋನನ್ನು ಅದೇ ವೈಫೈಗೆ ಸೇರಿಸಿ ನೋಡಿ. ಇಡೀ ತನಿಖೆ ನಿಂತಿರುವುದು ಈ ಒಂದು ಪರೀಕ್ಷೆಯ ಮೇಲೆ. ಎಲ್ಲ ಸಾಧನಗಳಲ್ಲೂ ರೌಟರ್ ಪುಟವೇ ಬಂದರೆ ದೋಷ ರೌಟರಿನಲ್ಲಿ ಅಥವಾ ಲೈನಿನಲ್ಲಿದೆ. ಒಂದರಲ್ಲಿ ಮಾತ್ರ ಬಂದರೆ ಆ ಒಂದು ಸಾಧನದಲ್ಲಿದೆ. ಇದನ್ನು ಮಾಡದೆ ನನಗೆ ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದೂ ಇದನ್ನೇ.

ವಿಳಾಸ ಪಟ್ಟಿಯಲ್ಲಿ ಏನಿದೆ ಎಂದು ಓದಿ. 192.168 ಎಂದು ಶುರುವಾದರೆ ನೀವು ಇನ್ನೂ ಮನೆಯೊಳಗೇ ಇದ್ದೀರಿ. 1996ರ ಆರ್‌ಎಫ್‌ಸಿ 1918 ಎಂಬ ದಾಖಲೆ ಇಂಥ ಅಂಕಿಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಎತ್ತಿಟ್ಟಿತು. ಹೊರಗಿನ ಇಂಟರ್ನೆಟ್ಟಿನಲ್ಲಿ ಅವಕ್ಕೆ ದಾರಿಯಿಲ್ಲ. 10 ಎಂದು ಶುರುವಾದರೆ ಅದು ಕಂಪನಿಯ ಒಳಜಾಲವೂ ಆಗಿರಬಹುದು. ಆ ಪುಟದಲ್ಲಿ ಪ್ಲಾನ್ ಮುಗಿದ ಮಾತಿದ್ದರೆ ಕಾಯಿಲೆಗೆ ಔಷಧ ರೀಚಾರ್ಜ್. ಅದನ್ನು ಕಂಪನಿಯ ಆ್ಯಪ್‌ನಲ್ಲಿ, ಮೊಬೈಲ್ ಡೇಟಾ ಹಾಕಿಕೊಂಡು ಮಾಡಿ, ತಾನಾಗಿ ಎದ್ದು ಬಂದ ಪುಟದಲ್ಲಿ ಅಲ್ಲ.

ಆರಿಸಿ ಹಾಕುವುದಿದ್ದರೆ ಸರಿಯಾಗಿ ಮಾಡಿ. ಸ್ವಿಚ್ಚನ್ನು ಟಕಟಕ ಎನಿಸುವುದು ಆರಿಸಿ ಹಾಕುವುದಲ್ಲ. ಎರಡೂ ಡಬ್ಬಿಗಳ ಪ್ಲಗ್ ತೆಗೆದು ಒಂದು ನಿಮಿಷ ಬಿಡಿ. ಮೊದಲು ಫೈಬರ್ ಡಬ್ಬಿ ಹಾಕಿ, ಅದರ ದೀಪ ನೆಲೆಗೊಂಡ ಮೇಲೆ ರೌಟರ್ ಹಾಕಿ. ಐದು ನಿಮಿಷ ಮುಟ್ಟಬೇಡಿ.

ಈಗಲೂ ರೌಟರ್ ಪುಟವೇ ಬಂದರೆ ಅದರೊಳಗೆ ಹೋಗಿ ಇಂಟರ್ನೆಟ್ ಅಥವಾ ವ್ಯಾನ್ ಎಂಬ ಭಾಗ ನೋಡಿ. ಅಲ್ಲಿ ಸಂಪರ್ಕ ಇಲ್ಲ ಎಂದಿದ್ದರೆ ಪಿಪಿಪಿಒಇ, ಅಂದರೆ ಲೈನಿಗೆ ಸೇರಲು ಕಂಪನಿ ಕೊಟ್ಟ ಲಾಗಿನ್, ಅದರ ಹೆಸರು ಅಥವಾ ಪಾಸ್‌ವರ್ಡ್ ಹೊಂದದಿರಬಹುದು. ಅದನ್ನೇ ಓದಿ ಕಂಪನಿಯವರಿಗೆ ಹೇಳಿ. ‘ನೆಟ್ ಬರ್ತಿಲ್ಲ’ ಎನ್ನುವುದಕ್ಕಿಂತ ‘ಪಿಒಎನ್ ಹಸಿರಿದೆ, ಪಿಪಿಪಿಒಇ ಸೇರುತ್ತಿಲ್ಲ’ ಎಂದರೆ ಲೈನ್ ಹುಡುಗ ಬೇಗ ಬರುತ್ತಾನೆ. ಇದು ನನ್ನ ಅನುಭವ.

ಮಾಡಬಾರದ್ದು

ಸಣ್ಣ ತೂತಿಗೆ ಪಿನ್ನು ಚುಚ್ಚಬೇಡಿ. ಸೇಫ್ಟಿ ಪಿನ್ನು, ಸಿಮ್ ತೆಗೆಯುವ ಕಡ್ಡಿ, ಕಿವಿಯೋಲೆಯ ತಿರುಪು, ಯಾವುದೂ ಬೇಡ. ಆ ತೂತು ರೌಟರನ್ನು ಎಬ್ಬಿಸುವ ಗುಂಡಿಯಲ್ಲ, ಅದರ ನೆನಪನ್ನೆಲ್ಲ ಅಳಿಸುವ ಗುಂಡಿ. ವೈಫೈ ಹೆಸರು ಹೋಗುತ್ತದೆ, ಪಿಪಿಪಿಒಇ ಗುರುತು ಹೋಗುತ್ತದೆ, ಕಂಪನಿಯವರು ಹಾಕಿಕೊಟ್ಟ ವಿಎಲ್‌ಎಎನ್ ಸಂಖ್ಯೆ ಇದ್ದರೆ ಅದೂ ಹೋಗುತ್ತದೆ. ತಮಾಷೆಯೆಂದರೆ, ಹೀಗೆ ಅಳಿಸಿದ ಎಷ್ಟೋ ರೌಟರುಗಳು ಹೊಸ ಮದುಮಗನ ಹಾಗೆ ಮೊದಲ ಶಾಸ್ತ್ರ ಮುಗಿಯುವವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ: ಯಾವ ತಾಣ ಕೇಳಿದರೂ ತಮ್ಮ ಸೆಟಪ್ ಪುಟವನ್ನೇ ತೋರಿಸುತ್ತವೆ. ಯಾವ ಕಾಯಿಲೆಗೆ ಪಿನ್ನು ಎತ್ತಿಕೊಂಡಿರೋ ಅದೇ ಕಾಯಿಲೆ ಈಗ ಗಟ್ಟಿಯಾಯಿತು. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಒಂದು ಶನಿವಾರ ರಾತ್ರಿ ನಾನೇ ಚುಚ್ಚಿದೆ. ಭಾನುವಾರ ಕಂಪನಿಯ ಕಚೇರಿ ಮುಚ್ಚಿತ್ತು. ಸೋಮವಾರ ಮಧ್ಯಾಹ್ನದವರೆಗೆ ಮನೆಯಲ್ಲಿ ನನ್ನ ಜೊತೆ ಯಾರೂ ನೆಟ್ಟಗೆ ಮಾತಾಡಲಿಲ್ಲ. ಅಷ್ಟಕ್ಕೂ ಆ ರಾತ್ರಿ ಕೆಟ್ಟಿದ್ದದ್ದು ಬೀದಿಯ ಲೈನು.

ಫೈಬರ್ ಎಳೆಯನ್ನು ಕೀಳಬೇಡಿ, ಅದರ ತುದಿಯಲ್ಲಿ ಕಣ್ಣಿಡಬೇಡಿ. ಬೆಳಕು ಬರ್ತಿದೆಯಾ ನೋಡೋಣ ಅಂತ ಬಗ್ಗಿದವರನ್ನು ನಾನು ನೋಡಿದ್ದೇನೆ. ಮನೆಗಳಿಗೆ ಬರುವ ಜಿಪಿಒಎನ್ ಲೈನಿನಲ್ಲಿ ಬೆಳಕು ಒಳಗೆ ಬರುವುದು 1490 ನ್ಯಾನೋಮೀಟರಿನಲ್ಲಿ, ಹೊರಗೆ ಹೋಗುವುದು 1310ರಲ್ಲಿ. ಮನುಷ್ಯನ ಕಣ್ಣಿಗೆ ಕಾಣುವುದು ಸುಮಾರು 700ರವರೆಗೆ. ಲೈನ್ ಇದ್ದರೂ ನಿಮಗೆ ಕಾಣುವುದು ಕತ್ತಲೆಯೇ, ಕಣ್ಣಿಗೆ ಬೀಳುವುದು ಮಾತ್ರ ಲೇಸರ್. ಎಳೆಯನ್ನು ಬಳೆಗಿಂತ ಸಣ್ಣದಾಗಿ ಸುತ್ತಿಡಬೇಡಿ. ಗಾಜು ಒಳಗೇ ಸೀಳಬಹುದು.

ಬ್ರೌಸರ್ ಎಚ್ಚರಿಕೆ ಕೊಟ್ಟರೆ ಆದರೂ ಮುಂದುವರಿಯಿರಿ ಎಂಬ ಕೊಂಡಿಯನ್ನು ಒತ್ತಬೇಡಿ. ಬ್ಯಾಂಕಿನ ತಾಣ ಕೇಳಿದಾಗ ರೌಟರ್ ತನ್ನ ಪುಟ ಕೊಡಲು ಹೊರಟರೆ, ಬ್ಯಾಂಕಿನ ಗುರುತಿನ ಚೀಟಿ ಅದರ ಹತ್ತಿರ ಇರುವುದಿಲ್ಲ. ಅದಕ್ಕೇ ಬ್ರೌಸರ್ ಕೂಗುತ್ತದೆ. ಕೆಲವು ತಾಣಗಳಿಗೆ ಬ್ರೌಸರ್ ಆ ಕೊಂಡಿಯನ್ನೇ ಕೊಡದು. ಅದನ್ನು ತೊಂದರೆ ಎನ್ನಬೇಡಿ, ಉಪಕಾರ. ಒಂದು ವಿನಾಯಿತಿ: ನೀವಾಗಿಯೇ 192.168.1.1 ಎಂದು ಹೊಡೆದು ನಿಮ್ಮ ಮನೆಯ ರೌಟರಿಗೆ ಹೋಗುವಾಗ ಇದೇ ಎಚ್ಚರಿಕೆ ಬರಬಹುದು. ಅಲ್ಲಿ ಮುಂದುವರಿಯಬಹುದು, ಏಕೆಂದರೆ ನೀವು ಕೇಳಿದ್ದೂ ರೌಟರನ್ನೇ. ಹಾಗೆಯೇ, ಬಹಳ ದಿನ ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನ ತಾರೀಖು ಹಿಂದೆ ಸರಿದಿದ್ದರೂ ಎಲ್ಲ ತಾಣಗಳಿಗೂ ಎಚ್ಚರಿಕೆ ಬರುತ್ತದೆ. ಮೊದಲು ಗಡಿಯಾರ ಸರಿಮಾಡಿ.

ರೌಟರ್ ಪುಟದಂತೆ ಕಾಣುವ ಯಾವ ಪುಟಕ್ಕೂ ಓಟಿಪಿ, ಯುಪಿಐ ಪಿನ್, ಕಾರ್ಡಿನ ಅಂಕಿ, ಆಧಾರ್ ಸಂಖ್ಯೆ ಕೊಡಬೇಡಿ. ಮನೆಯ ರೌಟರಿಗೆ ಅವು ಯಾವುದೂ ಬೇಕಿಲ್ಲ. ‘ಹೊಸ ಫರ್ಮ್‌ವೇರ್ ಬಂದಿದೆ, ವೈಫೈ ಪಾಸ್‌ವರ್ಡ್ ಮತ್ತೆ ಹಾಕಿ’ ಎಂದು ತಾನಾಗಿ ಎದ್ದು ಬರುವ ಪುಟ ಬಂದರೆ ನಿಲ್ಲಿಸಿ. ನಿಮ್ಮದೇ ಹೆಸರಿನ ಸುಳ್ಳು ವೈಫೈ ಎಬ್ಬಿಸಿ ಹೀಗೆ ಪಾಸ್‌ವರ್ಡ್ ಕದಿಯುವುದು ಹಳೆಯ ಉಪಾಯ.

ಕಸ್ಟಮರ್ ಕೇರ್ ನಂಬರನ್ನು ಗೂಗಲಿನಲ್ಲಿ ಹುಡುಕಬೇಡಿ. ಬಿಲ್ಲಿನ ಮೇಲಿರುವ ನಂಬರಿಗೇ ಮಾಡಿ. ಹುಡುಕಿದಾಗ ಮೇಲೆ ಬರುವ ನಂಬರುಗಳಲ್ಲಿ ಕಳ್ಳರದ್ದೂ ಇರುತ್ತವೆ. ಸರಿ ಮಾಡ್ತೀವಿ ಸಾರ್ ಎಂದು ಫೋನಿನ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಖಾತೆ ಬರಿದು ಮಾಡುತ್ತಾರೆ. ಹಾಗೆ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ರೌಟರಿಗೆ ಹೋಗಲು ಹೆಸರು ಹೊಡೆಯಬೇಡಿ, ಅಂಕಿ ಹೊಡೆಯಿರಿ. ಟಿಪಿ‌-ಲಿಂಕ್ ಕಂಪನಿ ತನ್ನ ರೌಟರುಗಳ ತಳದಲ್ಲಿ ಅಚ್ಚು ಹಾಕಿಸಿದ್ದ ಒಂದು ತಾಣದ ಹೆಸರನ್ನು ನವೀಕರಿಸುವುದನ್ನೇ ಮರೆತು, ಅದು ಬೇರೆಯವರ ಕೈಸೇರಿದ್ದು 2016ರಲ್ಲಿ ಸುದ್ದಿಯಾಗಿತ್ತು. ಡಬ್ಬಿಯ ತಳದಲ್ಲಿ ಇರುವುದೆಲ್ಲ ವೇದವಾಕ್ಯವಲ್ಲ. ಅಂಕಿ ಹೊಡೆಯುವಾಗ ಒಂದರ ಜಾಗದಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಹೊಡೆಯಬೇಡಿ.

ಒಂದೇ ಸಾಧನದಲ್ಲಿ ತೊಂದರೆಯಿದ್ದರೆ

ರೌಟರನ್ನು ಬೈಯಬೇಡಿ. ಅದೇ ತಾಣವನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ತೆರೆದುಕೊಂಡರೆ ಬ್ರೌಸರ್ ಹಳೆಯ ನೆನಪಿಗೆ ಜೋತುಬಿದ್ದಿದೆ: ನೆಟ್ ಹೋಗಿದ್ದಾಗ ರೌಟರ್ ಕೊಟ್ಟ ‘ಇತ್ತ ಬನ್ನಿ’ ಎಂಬ ಉತ್ತರವನ್ನು ಕಾಯಂ ಎಂದು ಭಾವಿಸಿ ಕ್ಯಾಶ್‌ನಲ್ಲಿ ಇಟ್ಟುಕೊಂಡಿದೆ. ಕ್ಯಾಶ್ ಅಳಿಸಿ. ಉಳಿಸಿಟ್ಟ ಪಾಸ್‌ವರ್ಡ್‌ಗಳ ಮುಂದಿನ ಗುರುತು ಮಾತ್ರ ತೆಗೆದುಬಿಡಿ, ಇಲ್ಲದಿದ್ದರೆ ಅವೂ ಹೋಗುತ್ತವೆ. ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಅದರ ಡಿಎನ್‌ಎಸ್ ನೆನಪೂ ತೊಳೆದುಹೋಗುತ್ತದೆ. ಬ್ರೌಸರ್ ತೆರೆದ ಕೂಡಲೇ ಮಾತ್ರ ರೌಟರ್ ಪುಟ ಬಂದು, ಉಳಿದ ತಾಣಗಳು ಸರಿಯಾಗಿ ತೆರೆದುಕೊಂಡರೆ ಹೋಮ್ ಪೇಜ್ ನೋಡಿ. ಲೈನ್ ಹಾಕಲು ಬಂದ ಹುಡುಗ ನಿಮ್ಮ ಲ್ಯಾಪ್‌ಟಾಪಿನಲ್ಲೇ ರೌಟರ್ ತೆರೆದು ಕೆಲಸ ಮಾಡಿ ಹೋಗಿರುತ್ತಾನೆ, ಬ್ರೌಸರ್ ನಿಷ್ಠೆಯಿಂದ ಅದನ್ನೇ ತೆರೆಯುತ್ತಿರುತ್ತದೆ. ಇದಕ್ಕೆ ಹೊಸ ರೌಟರ್ ಕೊಂಡವರೂ ನಮ್ಮಲ್ಲಿದ್ದಾರೆ.

ಮಲಗುವ ಕೋಣೆಗೆಂದು ಎರಡನೇ ರೌಟರ್ ತಂದವರು ಗಮನಿಸಿ. ಎರಡಕ್ಕೂ 192.168.1.1 ಎಂಬ ಒಂದೇ ವಿಳಾಸ ಇದ್ದರೆ ಜಗಳ ಖಚಿತ. ಎರಡನೆಯದನ್ನು ಆ್ಯಕ್ಸೆಸ್ ಪಾಯಿಂಟ್ ಎಂಬ ಬಗೆಗೆ ತಿರುಗಿಸಿ, ಅಥವಾ ಅದರ ವಿಳಾಸವನ್ನು 192.168.2.1 ಎಂದು ಬದಲಾಯಿಸಿ.

ಸಿಸಿಟಿವಿಯನ್ನು ಹೊರಗಿನಿಂದ ನೋಡಲು ಪಬ್ಲಿಕ್ ಐಪಿ ಪಡೆದವರಿಗೆ ಬೇರೆ ಮಾತು. ಆ ಅಂಕಿಯನ್ನು ಮನೆಯೊಳಗಿನ ವೈಫೈಯಿಂದ ಹೊಡೆದಾಗ ರೌಟರ್ ಪುಟ ಬರುವುದು ಸಹಜ, ದೋಷವಲ್ಲ. ಮೊಬೈಲ್ ಡೇಟಾದಿಂದ ಹೊಡೆದಾಗಲೂ ರೌಟರ್ ಪುಟವೇ ಬಂದರೆ ಮಾತ್ರ ಅಪಾಯ: ಲೋಕದ ಯಾರು ಬೇಕಾದರೂ ನಿಮ್ಮ ಬಾಗಿಲು ತಟ್ಟಬಹುದು ಎಂದರ್ಥ. ರಿಮೋಟ್ ಮ್ಯಾನೇಜ್‌ಮೆಂಟ್ ಈಗಲೇ ಮುಚ್ಚಿ.

ನಿಜವಾಗಿಯೂ ಗಾಬರಿಯಾಗಬೇಕಾದ ಸಂದರ್ಭ

ದೀಪಗಳೆಲ್ಲ ಸರಿ, ನೆಟ್ ಓಡುತ್ತಿದೆ, ಆದರೆ ಕೇಳಿದ ತಾಣ ಬಿಟ್ಟು ಬೇರೆಲ್ಲೋ ಹೋಗುತ್ತಿದೆ. ಅದೂ ಮನೆಯ ಎಲ್ಲ ಫೋನುಗಳಲ್ಲಿ. ಆಗ ರೌಟರಿನ ಡಿಎನ್‌ಎಸ್ ಅಂಕಿಗಳನ್ನೇ ಯಾರೋ ಬದಲಾಯಿಸಿರಬಹುದು. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶ ಇದೇ ಕೆಲಸ ಮಾಡುತ್ತಿತ್ತು. 100ಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ತಗುಲಿದ್ದ ಈ ಜಾಲವನ್ನು ಅಮೆರಿಕದ ಎಫ್‌ಬಿಐ ಮತ್ತು ಎಸ್ಟೋನಿಯಾದ ಪೊಲೀಸರು 2011ರ ನವೆಂಬರಿನಲ್ಲಿ ಹಿಡಿದರು. ಕಳ್ಳರ ಸರ್ವರುಗಳನ್ನು ಒಮ್ಮೆಗೇ ಮುಚ್ಚಿದರೆ ಅಷ್ಟೂ ಜನರ ನೆಟ್ ನಿಲ್ಲುತ್ತಿತ್ತು. ಹಾಗಾಗಿ ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಆ ಕುತಂತ್ರಾಂಶ ರೌಟರಿಗೂ ಕೈ ಹಾಕುತ್ತಿತ್ತು, ಹೊಸದರಲ್ಲಿ ಬಂದ ಪಾಸ್‌ವರ್ಡನ್ನೇ ಬಳಸಿ. ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಎಂದು ಬಿಟ್ಟಿರುವವರು ಇದನ್ನು ಎರಡು ಸಲ ಓದಿ.

ಈ ಒಂದು ಸಂದರ್ಭದಲ್ಲಿ ಪಿನ್ನು ಎತ್ತಬಹುದು. ಪಿಪಿಪಿಒಇ ಗುರುತು ಬರೆದಿಟ್ಟುಕೊಂಡು, ಕಂಪನಿಯವರಿಗೆ ಮೊದಲೇ ತಿಳಿಸಿ, ಹಗಲಿನಲ್ಲಿ, ವಾರದ ದಿನದಲ್ಲಿ. ಆಮೇಲೆ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಫರ್ಮ್‌ವೇರ್ ಹೊಸದು ಮಾಡಿ, ಡಿಎನ್‌ಎಸ್ ಜಾಗದಲ್ಲಿ ಕಂಪನಿಯದ್ದೋ 8.8.8.8 ಎಂಬ ಗೂಗಲಿನದ್ದೋ ಅಂಕಿ ಇದೆಯೆಂದು ಖಚಿತಪಡಿಸಿಕೊಳ್ಳಿ. ಕ್ಲೌಡ್‌ಫ್ಲೇರ್ 2018ರಲ್ಲಿ ಶುರುಮಾಡಿದ 1.1.1.1 ಕೂಡ ಒಳ್ಳೆಯದೇ. ಆದರೆ ಕೆಲವು ಹಳೆಯ ಡಬ್ಬಿಗಳು ಆ ಅಂಕಿಯನ್ನು ತಮ್ಮ ಒಳಕೆಲಸಕ್ಕೆ ಬಳಸಿಕೊಂಡಿದ್ದವು. ಅಂಥಲ್ಲಿ ಅದನ್ನು ಹೊಡೆದರೆ ಮತ್ತೆ ಬಂದು ನಿಲ್ಲುವುದು ರೌಟರಿನ ಜಗಲಿಯಲ್ಲೇ.

ರೌಟರನ್ನು ತಿರುವಿ ಅದರ ತಳದ ಚೀಟಿಯ ಫೋಟೋ ಇವತ್ತೇ ತೆಗೆದಿಡಿ. ಪಿಪಿಪಿಒಇ ಹೆಸರು, ಪಾಸ್‌ವರ್ಡ್, ಬಿಲ್ಲಿನಲ್ಲಿರುವ ದೂರಿನ ನಂಬರು, ಈ ಮೂರನ್ನೂ ಕಾಗದದ ಮೇಲೆ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ಅದನ್ನು ಮಾಡಿದ ಮೇಲೂ ಬಗೆಹರಿಯದಿದ್ದರೆ ನನ್ನ ಮನೆಯ ಬೆಲ್ ಒತ್ತಿ, ರಾತ್ರಿ ಒಂಬತ್ತರ ಒಳಗೆ.