ಗೂಡು ಖಾಲಿ ಇದ್ದರೂ ಉಣ್ಣಿ ಸಾಯಲಿಲ್ಲವೇಕೆ?

ಪ್ರಶ್ನೆ: ನಮ್ಮದು ಮಸ್ಕಿ ಹತ್ತಿರದ ಹಳ್ಳಿ. ಹೋದ ವರ್ಷ ನಮ್ಮ ಜವಾರಿ ಕೋಳಿಗಳಿಗೆ ಉಣ್ಣಿ ಹತ್ತಿ, ಕಾವಿಗೆ ಕುಂತವೂ ನಡುವೆಯೇ ಎದ್ದು ಹೋಗುತ್ತಿದ್ದವು. ಬೂದಿ ಹಾಕಿದರೂ ಹೋಗಲಿಲ್ಲ. ಬೇಸತ್ತು ಎಲ್ಲವನ್ನೂ ಮಾರಿ ಆರು ತಿಂಗಳು ಗೂಡು ಖಾಲಿ ಬಿಟ್ಟೆವು. ಈಗ ಲಿಂಗಸುಗೂರು ಸಂತೆಯಿಂದ ಹೊಸ ಕೋಳಿ ತಂದರೆ ವಾರದೊಳಗೆ ಮತ್ತೆ ಅದೇ ಕಾಟ. ಖಾಲಿ ಗೂಡಿನಲ್ಲಿ ಅವು ಏನು ತಿಂದು ಬದುಕಿದವು? ಹತ್ತಿಗೆ ಹೊಡೆಯುವ ಔಷಧ ಹೊಡೆಯಬಹುದೇ?

ಉತ್ತರ: ಏನೂ ತಿನ್ನದೆಯೇ ಬದುಕಿದವು. ಆರ್ಗಸ್ ಎಂಬ ಈ ಕೋಳಿ ಉಣ್ಣಿ ರಕ್ತವಿಲ್ಲದೆ ವರ್ಷಕ್ಕಿಂತ ಹೆಚ್ಚು ಕಾಲ ತಡೆಯಬಲ್ಲದು. ಬಿಸಿಲು, ಒಣ ಹವೆ ಎಂದರೆ ಅದಕ್ಕೆ ಒಗ್ಗುತ್ತದೆ. ನಿಮ್ಮ ಸೀಮೆಯಲ್ಲಿ ಅವೆರಡಕ್ಕೂ ಬರವಿಲ್ಲ. ಹಸಿದಾಗ ತೊಗರಿ ಹೊಟ್ಟಿನಂತೆ ಚಪ್ಪಟೆಯಾಗಿ ಕಲ್ಲು-ಮಣ್ಣಿನ ಗೋಡೆಯ ಸಂದಿಗೆ ಸೇರಿಬಿಡುತ್ತದೆ. ಹಗಲಲ್ಲಿ ಕೋಳಿಯ ಮೈ ಎಷ್ಟು ತಡಕಿದರೂ ದೊಡ್ಡ ಉಣ್ಣಿ ಸಿಗುವುದಿಲ್ಲ. ರಾತ್ರಿ ಹೊರಬಂದು ಅರ್ಧ ಗಂಟೆಯಿಂದ ಕೆಲ ಗಂಟೆ ರಕ್ತ ಹೀರಿ ಬೆಳಗಾಗುವುದರೊಳಗೆ ಹಿಂದಿರುಗುತ್ತದೆ. ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ಗೂಡಿನ ಮೂಲೆ, ಕೋಳಿ ಕೂರುವ ಕೋಲಿನ ತುದಿ, ಕದದ ಸಂದಿ ನೋಡಿ. ರಕ್ತ ಕುಡಿದು ಉಬ್ಬಿ ನೀಲಿ-ಬೂದು ಬಣ್ಣಕ್ಕೆ ತಿರುಗಿದವು ಕಾಣುತ್ತವೆ. ಹಗಲಲ್ಲಿ ಮೈಮೇಲೆ ಉಳಿಯುವವು ಮರಿಗಳು ಮಾತ್ರ. ಅವು ರೆಕ್ಕೆಯ ಅಡಿ ಐದರಿಂದ ಹತ್ತು ದಿನ ಕಚ್ಚಿಕೊಂಡಿರುತ್ತವೆ.

ನೀವು ಹಾಕಿದ ಬೂದಿ ನಾಟದ್ದೂ ಉಣ್ಣಿ ಹೀಗೆ ಅಡಗುವುದರಿಂದಲೇ. ಹೇನಿನ ಬಾಳು ಬೇರೆ. ಅದು ಹುಟ್ಟಿ ಸಾಯುವುದೆಲ್ಲ ಕೋಳಿಯ ಮೈಮೇಲೆ. ಕೆಳಗೆ ಬಿದ್ದರೆ ಕೆಲವೇ ದಿನ. ಆದ್ದರಿಂದ ಬೂದಿ ಹೇನಿಗೆ ತಕ್ಕಮಟ್ಟಿಗೆ ನಾಟುತ್ತದೆ, ಗೋಡೆಯೊಳಗಿನ ಉಣ್ಣಿಗೆ ತಾಗುವುದೇ ಇಲ್ಲ. ಹೇನಿಗೆ ಔಷಧ ಹಾಕಿದರೂ ಗರಿಯ ಬುಡಕ್ಕೆ ಅಂಟಿದ ಮೊಟ್ಟೆಗಳು ಉಳಿಯುತ್ತವೆ. ಅವು ಒಡೆದ ಮೇಲೆ, ಏಳರಿಂದ ಹತ್ತು ದಿನಕ್ಕೆ, ಇನ್ನೊಮ್ಮೆ ಹಾಕಬೇಕು. ಕಾವಿಗೆ ಕೂರಿಸುವ ಕೋಳಿಯನ್ನು ಕೂರಿಸುವ ಮುನ್ನವೇ ನೋಡಿಕೊಳ್ಳಿ. 21 ದಿನ ಒಂದೇ ಕಡೆ ಕೂತ ಹೇಂಟೆ ಇವುಗಳಿಗೆಲ್ಲ ಸುಲಭದ ತುತ್ತು.

ಉಣ್ಣಿ ಅಡಗುವುದು ಸಂದಿಯಲ್ಲಾದ್ದರಿಂದ ನಿಮ್ಮ ನಿಜವಾದ ಕೆಲಸ ಇರುವುದು ಗೋಡೆಯಲ್ಲಿ. ಮೊದಲು ಕೋಳಿಗಳನ್ನು ಗೂಡಿನಿಂದ ದೂರ, ಬುಟ್ಟಿಗಳಲ್ಲಿ ಹತ್ತು ದಿನವಿಡಿ. ಮರಿ ಉಣ್ಣಿಗಳು ಅಲ್ಲೇ ಉದುರುತ್ತವೆ. ಬುಟ್ಟಿಯ ಹುಲ್ಲನ್ನು ಸುಟ್ಟುಬಿಡಿ. ಅಷ್ಟರಲ್ಲಿ ಗೂಡಿನ ಹಳೆಯ ಹುಲ್ಲು, ಕಸ, ಕೊಳೆತ ಹಲಗೆಗಳನ್ನೆಲ್ಲ ತೆಗೆಯಿರಿ. ಸಂದಿಗಳನ್ನು ಕೆರೆದು, ಪಶುವೈದ್ಯರು ಹೇಳಿದ ಸೈಪರ್‌ಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ದ್ರಾವಣ ಒಳಗೆ ಇಳಿಯುವಂತೆ ಹೊಡೆಯಿರಿ. ಒಣಗಿದ ಮೇಲೆ ಸಂದಿಗಳಿಗೆ ಸಿಮೆಂಟು ತುಂಬಿ, ಗಟ್ಟಿ ಸುಣ್ಣ ಬಳಿಯಿರಿ. ಕೂರುವ ಕೋಲು ಗೋಡೆಗೆ ತಾಗದಂತೆ ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿ, ಕಾಲುಗಳನ್ನು ಹಳೆಯ ಇಂಜಿನ್ ಆಯಿಲ್ ತುಂಬಿದ ಡಬ್ಬಿಗಳಲ್ಲಿಡಿ. ಈ ಒಂದು ಬದಲಾವಣೆ ಬಹಳ ಉಪಕಾರಿ. ಹಾರಲಾರದ ಉಣ್ಣಿಗೆ ಕೋಳಿಯ ದಾರಿ ಕಡಿಯುತ್ತದೆ. ತಿಂಗಳ ನಂತರ ಮತ್ತೆ ರಾತ್ರಿ ಬ್ಯಾಟರಿ ಹಿಡಿದು ನೋಡಿ, ಉಳಿದಿದ್ದರೆ ಮತ್ತೊಮ್ಮೆ ಹೊಡೆಯಿರಿ. ಸಂತೆಯಿಂದ ತಂದ ಕೋಳಿಗಳನ್ನೂ ಇದೇ ರೀತಿ ಹತ್ತು ದಿನ ಬೇರೆ ಇಡುವುದು ರೂಢಿಯಾಗಲಿ.

ಹತ್ತಿಯ ಔಷಧ ಬೇಡವೇ ಬೇಡ. ಬೆಳೆಗೆಂದು ಮಾಡಿದ ವಿಷ ಕೋಳಿಯ ಚರ್ಮಕ್ಕೆ, ಉಸಿರಿಗೆ, ಕೊನೆಗೆ ಮಕ್ಕಳು ತಿನ್ನುವ ಮೊಟ್ಟೆಗೆ ಇಳಿಯುತ್ತದೆ. ಜಾನುವಾರಿನ ಉಣ್ಣಿ ಔಷಧವನ್ನೂ ಅಂದಾಜಿನಲ್ಲಿ ಬೆರೆಸಬೇಡಿ. ಕೋಳಿಗೆ ಎಷ್ಟು, ಆಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಪಶು ಆಸ್ಪತ್ರೆಯಲ್ಲಿ ಕೇಳಿಯೇ ತಿಳಿಯಿರಿ.

ಒಂದು ಎಚ್ಚರಿಕೆ. ಜುಟ್ಟು ಬಿಳಿಚಿ, ಹಸಿರು ಹಿಕ್ಕೆ ಹಾಕಿ, ಕಾಲು ಸೋತು ಕೋಳಿ ಕೂತರೆ ಎಲ್ಲರೂ ರಾಣಿಖೇತ್ ಎಂದುಕೊಳ್ಳುತ್ತಾರೆ. ಉಣ್ಣಿ ಇರುವ ಗೂಡಿನಲ್ಲಿ ಅದು ಉಣ್ಣಿಯೇ ಹರಡುವ ಸ್ಪೈರೋಕೀಟೋಸಿಸ್ ಜ್ವರವೂ ಆಗಿರಬಹುದು. ರಾಣಿಖೇತಿಗೆ ಔಷಧವಿಲ್ಲ, ಲಸಿಕೆ ಮಾತ್ರ. ಸ್ಪೈರೋಕೀಟೋಸಿಸ್‌ಗೆ ಬೇಗ ಪೆನ್ಸಿಲಿನ್ ಕೊಟ್ಟರೆ ಕೋಳಿ ಉಳಿಯುತ್ತದೆ. ರಕ್ತದ ಒಂದು ಹನಿ ನೋಡಿ ವೈದ್ಯರು ಗುರುತಿಸಬಲ್ಲರು. ಗೂಡಿನಲ್ಲಿ ಉಣ್ಣಿ ಇರುವುದನ್ನು ಅವರಿಗೆ ಮರೆಯದೆ ಹೇಳಿ.