ಮುಟ್ಟು ನಿಂತ ಮೇಲಲ್ಲ, ಮುಂಚೆ

ಸಹನಾ,

"ಈ ವರ್ಷ ಮಗು ಮಾಡ್ಕೊಳ್ಳೋಣ ಅಂತಿದೀವಿ ದೊಡ್ಡಮ್ಮ, ಮುಟ್ಟು ನಿಂತ ಮೇಲೆ ಡಾಕ್ಟರ್ ಹತ್ರ ಹೋದ್ರಾಯ್ತು" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಮೊದಲ ಮಾತಿಗೆ ಖುಷಿಯಾಯಿತು. ಎರಡನೆಯದು ಕೇಳಿ ಸುಮ್ಮನಿರಲು ಆಗಲಿಲ್ಲ. ಹೆರಿಗೆ ವಾರ್ಡಿನಲ್ಲೇ ತಲೆ ನೆರೆಸಿಕೊಂಡ ನರ್ಸು ನಾನು. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಹ್ಞೂಂಗುಟ್ಟುತ್ತೀಯ. ನಿನ್ನ ಹಾಗೇ ಅಂದುಕೊಂಡವರು ಇನ್ನೂ ಎಷ್ಟೋ ಮಂದಿ ಇರುತ್ತಾರೆ, ಅವರೂ ಓದಲಿ ಅಂತ ಈ ಕಾಗದವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಮೊದಲು ಲೆಕ್ಕ ಹೇಳುತ್ತೇನೆ. ಡಾಕ್ಟರು ಬಸುರಿನ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅಂಡಾಣು ಹೊರಬೀಳುವುದು ಸುಮಾರು 14ನೇ ದಿನ. ಅಂದರೆ ಲೆಕ್ಕದ ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ರಿಪೋರ್ಟಿನಲ್ಲಿ 'ಆರು ವಾರ' ಎಂದಿದ್ದರೆ ಭ್ರೂಣದ ವಯಸ್ಸು ನಾಲ್ಕೇ ವಾರ. ಇದು ಗೊತ್ತಿಲ್ಲದೆ, "ಮದುವೆಯಾಗಿ ತಿಂಗಳಾಗಿದೆ ಅಷ್ಟೇ, ಆರು ವಾರ ಹೇಗೆ ಬಂತು?" ಅಂತ ಗಂಡನ ಮನೆಯವರು ಪಿಸುಗುಟ್ಟುತ್ತಾ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತದ್ದನ್ನು ಕಂಡಿದ್ದೇನೆ. ಆ ಹುಡುಗಿಯ ಮುಖ ನೋಡಲಾಗುತ್ತಿರಲಿಲ್ಲ.

ಇನ್ನು ಒಳಗೆ ನಡೆಯುವುದು. ಗರ್ಭಕೋಶದ ಎರಡೂ ಕಡೆ ಒಂದೊಂದು ಅಂಡಾಶಯ, ಸುಮಾರು ಮೂರು ಸೆಂಟಿಮೀಟರ್ ಉದ್ದ. ಅಂಡಾಣುಗಳು ತಿಂಗಳು ತಿಂಗಳು ಹೊಸದಾಗಿ ಹುಟ್ಟುತ್ತವೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದಾಗಲೇ ಅವೆಲ್ಲ ತಯಾರಾಗಿ ಕೂತವು. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ ಇರುತ್ತವೆ, ಆಮೇಲೆ ಕಮ್ಮಿಯಾಗುತ್ತಲೇ ಹೋಗುತ್ತವೆ. ಒಂದು ಜನ್ಮದಲ್ಲಿ ಹೊರಗೆ ಬರುವುದು ನಾನೂರು ಚಿಲ್ಲರೆ. ಪಕ್ಕದ ಅಂಡನಾಳ ಅಂಡಾಶಯಕ್ಕೆ ನೇರವಾಗಿ ಅಂಟಿಕೊಂಡಿಲ್ಲ. ಅದರ ಸೀಳು ಸೀಳಾದ ತುದಿ ಅಂಡಾಶಯದ ಮೇಲೆ ಆಡುತ್ತಾ, ಹೊರಬಿದ್ದ ಅಂಡಾಣುವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂಡಾಣುವಿಗೆ ಇರುವುದು 12ರಿಂದ 24 ಗಂಟೆ ಆಯಸ್ಸು. ವೀರ್ಯಾಣು ಮಾತ್ರ ಹೆಣ್ಣಿನ ಮೈಯೊಳಗೆ ಐದು ದಿನದವರೆಗೂ ಬದುಕಬಲ್ಲದು. ಎರಡೂ ಕೂಡುವುದು ಗರ್ಭಕೋಶದಲ್ಲಲ್ಲ, ಈ ನಾಳದಲ್ಲೇ.

ಕೂಡಿದ ಒಂದೇ ಕೋಶ ಎರಡಾಗಲು ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಆಮೇಲೆ ನಾಲ್ಕಾಗಿ, ಎಂಟಾಗಿ, ಉಂಡೆ ಕಟ್ಟಿಕೊಂಡು ಮೂರು-ನಾಲ್ಕು ದಿನದಲ್ಲಿ ಗರ್ಭಕೋಶಕ್ಕೆ ಇಳಿಯುತ್ತದೆ. ಸುಮಾರು ಆರನೇ ದಿನದಿಂದ ಅದರ ಒಳಪದರಕ್ಕೆ ಕಚ್ಚಿಕೊಳ್ಳತೊಡಗುತ್ತದೆ. ಕಿಟ್‌ನಲ್ಲಿ ಎರಡು ಗೆರೆ ಮೂಡಿಸುವ ಹಾರ್ಮೋನು ಶುರುವಾಗುವುದೇ ಆಮೇಲೆ. ನಿನಗೆ 'ಡೇಟ್ ಮುಂದಕ್ಕೆ ಹೋಗಿದೆ' ಅನ್ನಿಸುವ ಹೊತ್ತಿಗೆ ಎರಡು ವಾರ ಕಳೆದಿರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬಂದೆ. ಅಂಡಾಣು, ವೀರ್ಯಾಣು ಕೂಡಿದ ಸುಮಾರು 18ನೇ ದಿನ ಭ್ರೂಣದ ಬೆನ್ನಿನ ಮೇಲೆ ಚಪ್ಪಟೆ ಹಾಳೆಯೊಂದು ಏಳುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಅದೇ. ಹಾಳೆ ಮಡಚಿಕೊಂಡು ಎರಡು ಅಂಚು ಕೂಡಿ ನಾಳವಾಗಬೇಕು. ನಿಮ್ಮಮ್ಮ ಗೌರಿಹಬ್ಬಕ್ಕೆ ಕರಿಗಡುಬು ಮಾಡುವಾಗ ನೋಡಿದ್ದೀಯಲ್ಲ, ಅಂಚನ್ನು ನಡುವೆ ಒತ್ತಿ ಆಮೇಲೆ ಎರಡೂ ತುದಿಗೆ ಒತ್ತುತ್ತಾ ಹೋಗುತ್ತಾಳೆ. ಇದೂ ಹಾಗೇ, ಕುತ್ತಿಗೆಯಾಗುವ ಕಡೆ ಸುಮಾರು 22ನೇ ದಿನ ಮುಚ್ಚಲು ಶುರುವಾಗಿ ತಲೆ ಕಡೆಗೂ ಬಾಲದ ಕಡೆಗೂ ಸಾಗುತ್ತದೆ. ತಲೆಯ ತುದಿ 25ನೇ ದಿನದ ಹೊತ್ತಿಗೆ, ಕೆಳತುದಿ 28ರ ಹೊತ್ತಿಗೆ ಮುಚ್ಚುತ್ತದೆ. ಹೃದಯ ಮಿಡಿಯಲು ತೊಡಗುವುದೂ ಇದೇ ವಾರ. ಮುಟ್ಟು ತಪ್ಪಿ ಎರಡು ವಾರ ಆಗುವುದರೊಳಗೆ ಇಷ್ಟೂ ಮುಗಿಯಿತು. ನೀನು ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ರಜೆ ಹಾಕಿ ಡಾಕ್ಟರ ಮುಂದೆ ಕೂರುವುದು ಸಾಮಾನ್ಯವಾಗಿ ಅದಾದ ಮೇಲೆ.

ತಲೆಯ ತುದಿ ಮುಚ್ಚದಿದ್ದರೆ ಮಿದುಳು ಬೆಳೆಯುವುದಿಲ್ಲ, ಮಗು ಉಳಿಯುವುದಿಲ್ಲ. ಕೆಳಗೆ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ. ಅಂಥ ಒಂದು ಮಗುವನ್ನು ಕೈಯಾರೆ ಎತ್ತಿಕೊಂಡಿದ್ದೇನೆ. ಸೊಂಟದ ಮೇಲೆ ತೆಳ್ಳಗಿನ ನೀರು ಗುಳ್ಳೆ, ಕಾಲುಗಳಲ್ಲಿ ಅಲುಗಾಟವಿಲ್ಲ. ಗುಳ್ಳೆ ಒಡೆಯದಂತೆ ಸಲೈನಿನಲ್ಲಿ ನೆನೆಸಿದ ಗಾಜ್ ಹೊದಿಸಿ, ಮಗುವನ್ನು ಬೋರಲು ಮಲಗಿಸಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಆ ತಾಯಿ ನನ್ನ ಸೆರಗು ಹಿಡಿದು ಕೇಳಿದ್ದು ಒಂದೇ: "ಗ್ರಹಣದ ದಿನ ಹೊರಗೆ ಬಂದಿದ್ದೆ ಸಿಸ್ಟರ್, ಅದಕ್ಕೇನಾ?" ಅಲ್ಲ ಕಣವ್ವ, ಅಲ್ಲವೇ ಅಲ್ಲ ಅಂದೆ. ಅವಳ ಅತ್ತೆ ನನ್ನನ್ನು ನಂಬಿದಂತೆ ಕಾಣಲಿಲ್ಲ.

ಕಾರಣ ಒಂದೇ ಇರುವುದಿಲ್ಲ, ಆದರೆ ತಡೆಯಬಹುದಾದ ದೊಡ್ಡ ಪಾಲು ಫೋಲಿಕ್ ಆಸಿಡ್ ಎಂಬ ಅಗ್ಗದ ಮಾತ್ರೆಯಲ್ಲಿದೆ. ಇದರ ಕಥೆಯ ಒಂದು ಎಳೆ ನಮ್ಮ ದೇಶದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು, ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆಯ ಬೆನ್ನು ಹತ್ತಿದಳು. ಮಾರ್ಮೈಟ್ ಎಂಬ ಯೀಸ್ಟಿನ ಸಾರ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಬರೆದಳು. ಅದರೊಳಗಿನ ಸತ್ವ ಫೋಲೇಟ್ ಎಂದು ತಿಳಿದದ್ದು ಆಮೇಲೆ. ಹಿಂದೊಮ್ಮೆ ನರನಾಳ ಮುಚ್ಚದ ಮಗುವನ್ನು ಹೊತ್ತ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 1991ರಲ್ಲಿ ಬಂತು. ಬಸುರಾಗುವ ಮುಂಚಿನಿಂದಲೇ ಫೋಲಿಕ್ ಆಸಿಡ್ ತೆಗೆದುಕೊಂಡವರಲ್ಲಿ ಆ ತೊಂದರೆ ಮರುಕಳಿಸುವುದು ಶೇಕಡಾ 72ರಷ್ಟು ಇಳಿಯಿತು. ಫಲ ಇಷ್ಟು ನಿಚ್ಚಳವಾಗಿದ್ದರಿಂದ ಪರೀಕ್ಷೆಯನ್ನು ಅರ್ಧದಲ್ಲೇ ನಿಲ್ಲಿಸಿದರು.

ಆದ್ದರಿಂದ ಈ ವಾರವೇ ಡಾಕ್ಟರನ್ನು ನೋಡು. ಸಾಮಾನ್ಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಬಸುರಾಗುವ ಕನಿಷ್ಠ ಒಂದು ತಿಂಗಳ ಮುಂಚಿನಿಂದ ಹಿಡಿದು ಮೂರು ತಿಂಗಳು ತುಂಬುವವರೆಗೆ ನುಂಗಬೇಕು. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಕೈಗೆ ಸಿಗುವುದು 5 ಮಿಲಿಗ್ರಾಂನದು, ಹನ್ನೆರಡೂವರೆ ಪಟ್ಟು ಹೆಚ್ಚು. ಯಾವುದು ನಿನಗೆ ಅಂತ ಅವರೇ ಬರೆದುಕೊಡಲಿ. ಸೊಪ್ಪು ತಿಂತೀನಲ್ಲ ಅನ್ನಬೇಡ. ಸೊಪ್ಪು ಬೇಯಿಸಿದ ನೀರಿಗೆ ಫೋಲೇಟ್ ಬಿಟ್ಟುಕೊಳ್ಳುತ್ತದೆ, ಆ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಅಡುಗೆ ಜಾಣ ಅಡುಗೆಯೇ. ಆದರೂ ಮಾತ್ರೆಯ ಬದಲಿಗೆ ಅದು ಸಾಲದು. ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸು. ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿದ್ದರೆ ಅದನ್ನು ನಿಲ್ಲಿಸಿ ತಿಂಗಳು ಕಳೆಯುವವರೆಗೆ ಬಸುರಾಗುವ ಯೋಚನೆ ಬೇಡ. ಫಿಟ್ಸ್‌ನ ಮಾತ್ರೆ ಇರುವವರು ತಾವಾಗಿ ಬಿಡಬಾರದು, ಬದಲಿ ಇದೆಯೇ ಅಂತ ಮೊದಲೇ ಕೇಳಬೇಕು.

ನಿನ್ನ ಗಂಡನಿಗೂ ಇದನ್ನು ಓದಿಸು. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಮೇಲೆ ಬೇಕು. ಸಿಗರೇಟು ಬಿಡುವುದಿದ್ದರೆ ಇವತ್ತು ಬಿಡಲಿ, ಲಾಭ ಕಾಣುವುದು ಮೂರು ತಿಂಗಳಿಗೆ. ಇನ್ನೊಂದು ಮಾತು ನಿಮ್ಮತ್ತೆಯ ಕಿವಿಗೂ ಬೀಳಲಿ. ಅಂಡಾಣುವಿನಲ್ಲಿ ಇರುವುದು ಎಕ್ಸ್ ಮಾತ್ರ. ಎಕ್ಸೋ ವೈಯೋ ತರುವುದು ವೀರ್ಯಾಣು. ಹೆಣ್ಣು ಹೆತ್ತಳು ಅಂತ ಸೊಸೆಯನ್ನು ಅನ್ನುವ ಬಾಯಿಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ಮೊದಲ ವಾರಗಳಲ್ಲೇ ಬಸುರು ಇಳಿದುಹೋದರೆ ಬಿಂದಿಗೆ ಎತ್ತಿದೆ, ಸ್ಕೂಟರಿನಲ್ಲಿ ಹೋದೆ ಅಂತ ನಿನ್ನನ್ನು ನೀನು ಹಳಿದುಕೊಳ್ಳಬೇಡ. ಅಂಥವುಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮಿನ ಎಡವಟ್ಟೇ ಕಾರಣ. ಆದರೆ ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದೇ ಕಡೆ ಜೋರು ನೋವು, ತಲೆ ಸುತ್ತು, ಭುಜದ ತುದಿಯಲ್ಲಿ ಸಂಕಟ ಬಂದರೆ ಕಷಾಯ ಕುಡಿದು ಮಲಗಬೇಡ. ಭ್ರೂಣ ಅಂಡನಾಳದಲ್ಲೇ ಸಿಕ್ಕಿಕೊಂಡಿರಬಹುದು. ನಾಳ ಒಡೆದರೆ ಜೀವಕ್ಕೇ ಅಪಾಯ. ರಾತ್ರಿಯೋ ಹಗಲೋ, ಆಟೋ ಹಿಡಿದು ಆಸ್ಪತ್ರೆಗೆ ಹೋಗು.

ಡಾಕ್ಟರು ಏನಂದರು, ಎಷ್ಟು ಮಿಲಿಗ್ರಾಂ ಬರೆದರು ಅಂತ ಭಾನುವಾರದೊಳಗೆ ಫೋನ್ ಮಾಡು. ಚೀಟಿಯ ಫೋಟೋ ಕಳಿಸು. ಡಾಕ್ಟರ ಅಕ್ಷರ ಓದುವುದನ್ನು ನಾನಿನ್ನೂ ಮರೆತಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ